ಕೊಲಂಬೊ ಕೇಳದು, ಫಿನ್ಲೆಂಡ್ ಕೇಳುತ್ತದೆ

ಚಳಿಗಾಲದ ಒಂದು ಮಧ್ಯಾಹ್ನ. ಬೆಂಗಳೂರಿನ ತಾರಸಿಯೊಂದರ ಮೇಲೆ ಕಟ್ಟಿದ ತಂತಿಯಿಂದ ಕೇಬಲ್ ಇಳಿದು ರೇಡಿಯೊ ಸೇರಿದೆ. ರೇಡಿಯೊ 28.200 ಮೆಗಾಹರ್ಟ್ಸ್‌ನಲ್ಲಿ ನಿಂತಿದೆ, ಎದುರಿಗೆ ಸೆಕೆಂಡು ಮುಳ್ಳಿನ ಗಡಿಯಾರವಿದೆ. ಗಂಟೆ ಹೊಡೆದು 2 ನಿಮಿಷ 10 ಸೆಕೆಂಡಿಗೆ ಕೊಲಂಬೊದ 4ಎಸ್7ಬಿ ನಿಲ್ದಾಣ ಮೋರ್ಸ್ ಸಂಕೇತದಲ್ಲಿ ತನ್ನ ಹೆಸರು ಕೂಗಬೇಕು. ಕೂಗುತ್ತದೆ ಕೂಡ. ನಮಗೆ ಕೇಳುವುದು ಬರೀ ಸೊರ್ ಎನ್ನುವ ಸದ್ದು. 40 ಸೆಕೆಂಡು ಕಳೆದ ಮೇಲೆ ಫಿನ್ಲೆಂಡಿನ ಓಎಚ್2ಬಿ ಸರದಿ. ಅದು ಪಕ್ಕದ ಬೀದಿಯಲ್ಲಿ ಪೀಪಿ ಊದಿದಷ್ಟು ಸ್ಪಷ್ಟವಾಗಿ ಕೇಳುವುದುಂಟು. ಕೊಲಂಬೊ ನಮಗೆ 700 ಕಿಲೋಮೀಟರ್ ದೂರ. ಫಿನ್ಲೆಂಡಿನ ಆ ನಿಲ್ದಾಣ 6,800.

ಪರವಾನಗಿ ಪಡೆದ ಹವ್ಯಾಸಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೊದಲ್ಲಿ ದೂರದೇಶದ ಸಂಪರ್ಕಕ್ಕೆ ಡಿಎಕ್ಸ್ ಎನ್ನುತ್ತಾರೆ. ಅದನ್ನು ಕಲಿಯಲು ಕ್ಲಬ್ಬಿಗೆ ಬಂದವರನ್ನು ಮೊದಲು ಕೂರಿಸಬೇಕಾದದ್ದು ಈ ಆಟಕ್ಕೆ, ಮೈಕಿನ ಮುಂದೆ ಅಲ್ಲ. ಪ್ರಪಂಚದ ಬೇರೆ ಬೇರೆ ಮೂಲೆಗಳಲ್ಲಿ ಹವ್ಯಾಸಿಗಳೇ ಇಟ್ಟಿರುವ ಇಂಥ 18 ದಾರಿದೀಪ ನಿಲ್ದಾಣಗಳಿವೆ. 14.100, 18.110, 21.150, 24.930, 28.200 ಮೆಗಾಹರ್ಟ್ಸ್‌ಗಳಲ್ಲಿ ಒಂದರ ನಂತರ ಒಂದರಂತೆ, ಮೂರು ನಿಮಿಷಕ್ಕೊಂದು ಸುತ್ತು. ಒಬ್ಬೊಬ್ಬರಿಗೆ ಹತ್ತು ಸೆಕೆಂಡು. ಅಷ್ಟರಲ್ಲಿ ಹೆಸರು ಹೇಳಿ, ನಾಲ್ಕು ಉದ್ದನೆಯ ಗೆರೆ (ಮೋರ್ಸಿನ ಉದ್ದ ಸದ್ದು) ಎಳೆಯುತ್ತಾರೆ: ಮೊದಲನೆಯದು 100 ವ್ಯಾಟ್, ಎರಡನೆಯದು 10, ಮೂರನೆಯದು 1, ಕೊನೆಯದು 0.1 ವ್ಯಾಟ್. ಮೋರ್ಸ್ ಬರದಿದ್ದರೂ ತೊಂದರೆಯಿಲ್ಲ, ಯಾರ ಸರದಿ ಎಂದು ಗಡಿಯಾರವೇ ಹೇಳುತ್ತದೆ. ಕೆಲವು ನಿಲ್ದಾಣಗಳು ಆಗಾಗ ದುರಸ್ತಿಗೆಂದು ಮೌನವಾಗಿರುತ್ತವೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡರಾಯಿತು. ಒಂದು ವಾರ ದಿನಕ್ಕೆ ಹದಿನೈದು ನಿಮಿಷ ಹೀಗೆ ಕೇಳಿ, ಯಾವ ಹೊತ್ತಿಗೆ ಯಾವ ಊರು, ಎಷ್ಟನೆಯ ಗೆರೆಯವರೆಗೆ ಕೇಳಿತು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡವರಿಗೆ ಮುಂದಿನದೆಲ್ಲ ಅರ್ಧ ಸಲೀಸು. ಒಂದು ವ್ಯಾಟಿನ ಗೆರೆ ಸ್ಪಷ್ಟವಾಗಿ ಕೇಳಿದ ದಿನ, ದುಬಾರಿ ಆಂಪ್ಲಿಫೈಯರ್ ಕೊಳ್ಳುವ ಆಸೆ ತಾನಾಗಿ ಕರಗುತ್ತದೆ.

ಹತ್ತಿರದ್ದು ಕೇಳದೆ ದೂರದ್ದು ಕೇಳುವುದೇಕೆ? ನೆಲದಿಂದ ಸುಮಾರು 250ರಿಂದ 400 ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಅತಿನೇರಳೆ ಕಿರಣಗಳು ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹರಡಿದ ಪದರವೊಂದಿದೆ. ಅಯಾನುಗೋಳದ ಎಫ್2 ಪದರ ಎಂದರೆ ಅದೇ. ಕೆರೆಯ ನೀರಿಗೆ ಬಿಲ್ಲೆಗಲ್ಲನ್ನು ನೆಟ್ಟಗೆ ಎಸೆದರೆ ಮುಳುಗುತ್ತದೆ, ಓರೆಯಾಗಿ ಬೀಸಿದರೆ ಕುಪ್ಪಳಿಸುತ್ತದೆ. ರೇಡಿಯೊ ಅಲೆಯದೂ ಸರಿಸುಮಾರು ಇದೇ ಲೆಕ್ಕ. 28 ಮೆಗಾಹರ್ಟ್ಸ್‌ನ ಅಲೆ ಕಡಿದಾಗಿ ಮೇಲೇರಿದರೆ ಪದರವನ್ನು ತೂರಿ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ. ದಿಗಂತಕ್ಕೆ ಹತ್ತಿರವಾಗಿ, ಓರೆಯಾಗಿ ಹೋದದ್ದು ಮಾತ್ರ ಬಾಗಿ ಕೆಳಗಿಳಿಯುತ್ತದೆ, ಅದೂ ಸಾವಿರಾರು ಕಿಲೋಮೀಟರ್ ಆಚೆ. ಒಂದು ನೆಗೆತಕ್ಕೆ ಹೆಚ್ಚೆಂದರೆ 4,000 ಕಿಲೋಮೀಟರ್. ಫಿನ್ಲೆಂಡಿಗೆ ಎರಡು ನೆಗೆತ ಸಾಕು. ಕೊಲಂಬೊದಿಂದ ಹೊರಟದ್ದು ನಮ್ಮ ನೆತ್ತಿಯ ಮೇಲೆ ಹಾರಿ ಹೋಗುತ್ತದೆ. ನಾವಿರುವುದು ಅದರ ಮೌನವಲಯದಲ್ಲಿ. ಒಮ್ಮೊಮ್ಮೆ ಕೊಲಂಬೊ ಕೊಳವೆಯೊಳಗಿಂದ ಮಾತಾಡಿದ ಹಾಗೆ ಕ್ಷೀಣವಾಗಿ ಕೇಳುವುದೂ ಉಂಟು. ಅದು ದೂರದ ನೆಲಕ್ಕೆ ಬಡಿದು ಚದುರಿ ಹಿಂದಿರುಗಿದ ಅಲೆ.

ಈ ವಿಷಯದಲ್ಲಿ ಕರ್ನಾಟಕದವರು ಪುಣ್ಯವಂತರು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಕೇರಳದ ತುಂಬಾದ ಬಳಿ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಉಡಾವಣೆಗೆ ಆ ಮೀನುಗಾರರ ಹಳ್ಳಿಯನ್ನು ಆರಿಸಿಕೊಂಡದ್ದೇ ಅದಕ್ಕಾಗಿ. ಸೂರ್ಯ ನೆತ್ತಿಗೆ ಹತ್ತಿರವಿರುವ ಈ ಪಟ್ಟಿಯಲ್ಲಿ ಎಫ್2 ಪದರ ದಟ್ಟವಾಗಿಯೂ ಎತ್ತರವಾಗಿಯೂ ಇರುತ್ತದೆ. ಉತ್ತರ ಯುರೋಪಿನವರು 10 ಮೀಟರ್ ಬ್ಯಾಂಡ್, ಅಂದರೆ ಇದೇ 28 ಮೆಗಾಹರ್ಟ್ಸ್ ಆಸುಪಾಸು, ಸತ್ತಿದೆ ಎಂದು ರೇಡಿಯೊ ಆರಿಸಿದ ದಿನಗಳಲ್ಲೂ ನಮಗೆ ಆಫ್ರಿಕವೋ ಆಸ್ಟ್ರೇಲಿಯವೋ ಸಿಗುವುದುಂಟು. ತೆರಬೇಕಾದ ಬೆಲೆಯೂ ಇದೆ. ಸೂರ್ಯನಲ್ಲಿ ದೊಡ್ಡ ಜ್ವಾಲೆ ಎದ್ದಾಗ ಬರುವ ಎಕ್ಸ್-ಕಿರಣಗಳು ಹಗಲಿರುವ ಅರ್ಧಗೋಳದಲ್ಲಿ, ಅದರಲ್ಲೂ ಸೂರ್ಯ ನೆತ್ತಿಯ ಮೇಲಿರುವ ಕಡೆ, ಬ್ಯಾಂಡುಗಳನ್ನು ಒಂದೆರಡು ನಿಮಿಷದಲ್ಲಿ ಮೂಕ ಮಾಡುತ್ತವೆ. ರೇಡಿಯೊ ಕೆಟ್ಟಿತು ಎಂದು ಹೊಸಬರು ಮುಚ್ಚಳ ಬಿಚ್ಚುವುದು ಇಂಥ ಹೊತ್ತಿನಲ್ಲೇ. ಅರ್ಧ ಗಂಟೆಯಿಂದ ಒಂದೆರಡು ಗಂಟೆ ತಾಳಿದರೆ ತಾನಾಗಿ ಸರಿಹೋಗುತ್ತದೆ.

ಹೊತ್ತು ಗೊತ್ತುಗಳ ಲೆಕ್ಕ ಒಂದಿಷ್ಟು ತಿಳಿದಿರಬೇಕು. ಎಫ್2 ಪದರದ ಕೆಳಗೆ, 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಡಿ ಎಂಬ ಇನ್ನೊಂದು ಪದರ ಹಗಲಲ್ಲಷ್ಟೇ ಬದುಕಿರುತ್ತದೆ. ಅದು ಅಲೆಯನ್ನು ಬಾಗಿಸುವ ಬದಲು ನುಂಗುತ್ತದೆ. ಕಡಿಮೆ ಆವರ್ತನದ ಅಲೆಗಳನ್ನು ಹೆಚ್ಚು ನುಂಗುತ್ತದೆ. ಆದ್ದರಿಂದ 7 ಮೆಗಾಹರ್ಟ್ಸ್‌ನ 40 ಮೀಟರ್ ಬ್ಯಾಂಡಿನಲ್ಲಿ ಹಗಲು ಹುಬ್ಬಳ್ಳಿಯೂ ಚೆನ್ನೈಯೂ ಸಿಗಬಹುದು, ಇಟಲಿ ಸಿಗದು. ಕತ್ತಲಾದ ಮೇಲೆ ಅದೇ ಬ್ಯಾಂಡ್ ಯುರೋಪಿಗೆ ತೆರೆದುಕೊಳ್ಳುತ್ತದೆ. 28 ಮತ್ತು 21 ಮೆಗಾಹರ್ಟ್ಸ್ ಹಗಲಿನ ಬ್ಯಾಂಡುಗಳು: ಬೆಳಗ್ಗೆ ಪೂರ್ವದ ಜಪಾನ್, ಆಸ್ಟ್ರೇಲಿಯ. ಮಧ್ಯಾಹ್ನದ ಮೇಲೆ ಸೂರ್ಯನ ಹಿಂದೆಯೇ ಪಶ್ಚಿಮಕ್ಕೆ. 14 ಮೆಗಾಹರ್ಟ್ಸ್, ಅಂದರೆ 20 ಮೀಟರ್, ಇವೆರಡರ ನಡುವಿನದು. ಸೂರ್ಯ ಹೇಗೇ ಇರಲಿ, ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಮೊದಲ ಆಂಟೆನಾ ಅದಕ್ಕೇ ಇರಲಿ ಎನ್ನುವುದು ಈ ಕಾರಣಕ್ಕೆ. ಸೂರ್ಯನ ಚಟುವಟಿಕೆ ಏರಿ ಇಳಿಯುವ ಸುತ್ತಿಗೆ ಸೌರಚಕ್ರ ಎನ್ನುತ್ತಾರೆ. ಈಗಿನ 25ನೇ ಚಕ್ರ 2019ರ ಡಿಸೆಂಬರಿನಲ್ಲಿ ಶುರುವಾಗಿ 2024ರ ಹೊತ್ತಿಗೆ ತುದಿ ಮುಟ್ಟಿದೆ. ಇನ್ನು ಮುಂದೆ 28ರ ಸಂಭ್ರಮ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, 14ರದ್ದು ಹಾಗಲ್ಲ.

ಗೋಧೂಳಿಯ ಹೊತ್ತನ್ನು ಬೇರೆಯಾಗಿ ಹೇಳಬೇಕು. ಸೂರ್ಯ ಮುಳುಗಿದೊಡನೆ ಡಿ ಪದರ ಮಾಯವಾಗುತ್ತದೆ, ಎತ್ತರದ ಎಫ್2 ಇನ್ನೂ ಬೆಳಕಿನಲ್ಲೇ ಇರುತ್ತದೆ. ನುಂಗುವವನು ಹೋಗಿ ಬಾಗಿಸುವವನು ಉಳಿದ ಆ ಇಪ್ಪತ್ತು ಮೂವತ್ತು ನಿಮಿಷ 40 ಮೀಟರಿನಲ್ಲಿ ಬೇರೆ ಹೊತ್ತಿನಲ್ಲಿ ಕೇಳದ ಊರುಗಳು ಕೇಳುತ್ತವೆ. ಅತ್ತ ಕಡೆಯೂ ಸೂರ್ಯ ಹುಟ್ಟುವ ಇಲ್ಲವೇ ಮುಳುಗುವ ಹೊತ್ತಾಗಿದ್ದರೆ ಇನ್ನೂ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಈ ಬ್ಯಾಂಡಿನ ಆಸೆ ಬಿಡಿ. ಭರಣಿ ಕೃತ್ತಿಕೆಯ ಗುಡುಗು ನೂರಾರು ಮೈಲಿ ದೂರದಲ್ಲಿದ್ದರೂ ಸ್ಪೀಕರಿನಲ್ಲಿ ಕಡಲೆ ಹುರಿದ ಸದ್ದು.

ಅಮೆರಿಕದ ವಿಷಯ ಬೇರೆ. ಭೂಪಟದಲ್ಲಿ ಅದು ನಮ್ಮ ಪಶ್ಚಿಮಕ್ಕಿದ್ದ ಹಾಗೆ ಕಾಣುತ್ತದೆ. ಗೋಲದ ಮೇಲೆ ದಾರ ಎಳೆದು ನೋಡಿ: ಬೆಂಗಳೂರಿನಿಂದ ನ್ಯೂಯಾರ್ಕಿಗೆ ನೇರ ದಾರಿ ಉತ್ತರಕ್ಕೆ 25 ಡಿಗ್ರಿ ಪಶ್ಚಿಮವಾಗಿ, ಸ್ಯಾನ್ ಫ್ರಾನ್ಸಿಸ್ಕೊಗೆ ಉತ್ತರಕ್ಕೆ 20 ಡಿಗ್ರಿ ಪೂರ್ವವಾಗಿ ಹೊರಡುತ್ತದೆ. ಎರಡೂ ಧ್ರುವಪ್ರಭೆ ಕುಣಿಯುವ ನಾಡಿನ ಮೇಲೆ ಹಾಯುತ್ತವೆ. ಭೂಕಾಂತೀಯ ಬಿರುಗಾಳಿ ಎದ್ದು, ಅದರ ಜೋರು ಅಳೆಯುವ ಕೆ ಸೂಚ್ಯಂಕ 5 ದಾಟಿದ ದಿನ ಈ ದಾರಿ ಮುಚ್ಚಿದಂತೆಯೇ ಸರಿ. ಅಂಥ ದಿನ ಆಫ್ರಿಕ, ಇಂಡೋನೇಷ್ಯ ಕಡೆ ಕಿವಿಗೊಡುವುದು ಲೇಸು. ಬಾಸ್ಟನ್ನಿನಲ್ಲಿರುವ ಮಗನ ಜೊತೆ ಮಾತಾಡಬೇಕೆಂದೇ ಪರೀಕ್ಷೆ ಕಟ್ಟುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ. ಅತ್ತ ಮಗನಿಗೂ ಪರವಾನಗಿ ಬೇಕು, ಕಷ್ಟದ ದಾರಿ ಬೇರೆ. ಅವರಿಗೆ ಇದನ್ನು ಮೊದಲೇ ಹೇಳಿಬಿಡಬೇಕು.

ಪರವಾನಗಿಯ ಮಾತು ಬೇಗ ಮುಗಿಸೋಣ. 12 ವರ್ಷ ತುಂಬಿದ ಯಾರೇ ಆದರೂ ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಪರೀಕ್ಷೆ ಬರೆಯಬಹುದು. ಅರ್ಜಿ ಸರಳ ಸಂಚಾರ್ ಪೋರ್ಟಲ್ಲಿನಲ್ಲಿ. ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಡ, ಕಾಲ್ ಸೈನ್ (ರೇಡಿಯೊದಲ್ಲಿ ನಿಮ್ಮ ಹೆಸರು) ವಿಯು3 ಎಂದು ಶುರುವಾಗುತ್ತದೆ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಬರಬೇಕು, ಅವರು ವಿಯು2. ರೆಸ್ಟ್ರಿಕ್ಟೆಡ್ ದರ್ಜೆಯ 50 ವ್ಯಾಟ್ ಮಿತಿಯ ಬಗ್ಗೆ ಕೊರಗುವುದು ದಂಡ. ಬರುವ ಸಂಕೇತದ ಬಲ ತೋರಿಸುವ ಎಸ್ ಮೀಟರಿನಲ್ಲಿ ಒಂದು ಮನೆ ಮೇಲೇರಲು ಶಕ್ತಿ ನಾಲ್ಕು ಪಟ್ಟಾಗಬೇಕು. 50ನ್ನು 100 ಮಾಡಿದರೆ ಏರುವುದು ಅರ್ಧ ಮನೆ. ನಿಮ್ಮ ಪರವಾನಗಿಯಲ್ಲಿ ಯಾವ ಬ್ಯಾಂಡಿಗೆ, ಯಾವ ಬಗೆಯ ಪ್ರಸಾರಕ್ಕೆ ಅನುಮತಿಯಿದೆ ಎಂದು ಬರೆದಿರುತ್ತದೆ, ಅದನ್ನು ಓದಿ. ಪರವಾನಗಿ ಬರುವ ತನಕ ಮೈಕಿನ ಗುಂಡಿ ಒತ್ತುವಂತಿಲ್ಲ. ಕೇಳಲು, ಬೆಸುಗೆ ಹಾಕಲು, ಹಗ್ಗ ಎಳೆಯಲು ಅಡ್ಡಿಯಿಲ್ಲ. ಕ್ಲಬ್ಬುಗಳಲ್ಲಿ ಕೊರತೆ ಇರುವುದೂ ಹಗ್ಗ ಎಳೆಯುವವರದ್ದೇ.

ಈಗ ಆಂಟೆನಾ. ಹಣವೂ ಗಮನವೂ ಸೇರಬೇಕಾದ ಜಾಗ ಇದು. ಹತ್ತು ಸಾವಿರದ ರೇಡಿಯೊಗೆ ಒಳ್ಳೆಯ ತಂತಿ ಕಟ್ಟಿದವರು, ಲಕ್ಷದ ರೇಡಿಯೊಗೆ ಬಾಲ್ಕನಿಯಲ್ಲಿ ಕಡ್ಡಿ ನಿಲ್ಲಿಸಿದವರನ್ನು ಪ್ರತಿ ಸಂಜೆ ಸೋಲಿಸುತ್ತಾರೆ.

20 ಮೀಟರ್ ಬ್ಯಾಂಡಿನ ಡೈಪೋಲ್ ಎಂದರೆ ನಡುವೆ ತುಂಡರಿಸಿದ ಒಂದು ತಂತಿ, ಅಷ್ಟೇ. ಉದ್ದ ಮೀಟರಿನಲ್ಲಿ ಬೇಕಾದರೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 14.15ಕ್ಕೆ 10.1 ಮೀಟರ್ ಬರುತ್ತದೆ. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರ್ ದಪ್ಪದ ಹಲವು ಎಳೆಯ ತಾಮ್ರದ ವೈರ್ ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಪಿವಿಸಿ ಹೊದಿಕೆಯಿಂದ ತಂತಿ ವಿದ್ಯುತ್ತಿನ ಲೆಕ್ಕದಲ್ಲಿ ಸ್ವಲ್ಪ ಉದ್ದವಾಗಿ ವರ್ತಿಸುವುದರಿಂದ, ಕೊನೆಗೆ ಬರುವ ಅಳತೆ ಸೂತ್ರದ್ದಕ್ಕಿಂತ ನೂರಕ್ಕೆ ಎರಡರಿಂದ ಐದು ಪಾಲು ಕಡಿಮೆ. ಆದರೂ ಮೊದಲು ಉದ್ದವಾಗಿಯೇ ಕತ್ತರಿಸಿ, ಒಂದೊಂದು ಕೈ 5.35 ಮೀಟರ್. ಕತ್ತರಿಸಿದ್ದನ್ನು ಮತ್ತೆ ಬೆಳೆಸಲಾಗದು.

ನಡುವೆ ಒಂದು ಪಿವಿಸಿ ಜಂಕ್ಷನ್ ಬಾಕ್ಸ್. ಅದರಲ್ಲಿ ಕೇಬಲ್ ಸಿಕ್ಕಿಸುವ ಎಸ್‌ಓ-239 ಸಾಕೆಟ್ ಕೂರಿಸಿ, ನಡುಪಿನ್ನಿಗೆ ಒಂದು ಕೈ, ಹೊರಮೈಗೆ ಇನ್ನೊಂದು ಕೈ ಬೆಸೆಯಬೇಕು. ತಂತಿಯ ಎಳೆತ ಬೆಸುಗೆಯ ಮೇಲೆ ಬೀಳಬಾರದು. ಬಾಕ್ಸಿನಲ್ಲಿ ಎರಡು ತೂತು ಕೊರೆದು ತಂತಿಯನ್ನು ಒಳಹೊರಗೆ ಹೆಣೆದು ಗಂಟು ಹಾಕಿ, ಅದರಾಚೆಯ ಸಡಿಲ ತುದಿಯನ್ನು ಬೆಸೆಯಿರಿ. ಬಾಕ್ಸಿನ ತಳದಲ್ಲಿ ಒಂದು ಸಣ್ಣ ತೂತು ಇರಲಿ, ಒಳಗೆ ಬೆವತ ನೀರು ಇಳಿದು ಹೋಗಲು. ತುದಿಗಳಿಗೆ ಪಿವಿಸಿ ಪೈಪಿನ ಗೇಣುದ್ದದ ತುಂಡುಗಳೇ ಇನ್ಸುಲೇಟರ್. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಒಂದೇ ವರ್ಷದಲ್ಲಿ ಪುಡಿಯಾಗುತ್ತದೆ, ಹೆಣೆದ ಪಾಲಿಯೆಸ್ಟರ್ ಹಗ್ಗ ಬಾಳುತ್ತದೆ.

ಎತ್ತರ ಎಷ್ಟು? ಅರ್ಧ ಅಲೆಯುದ್ದ, ಅಂದರೆ 20 ಮೀಟರ್ ಬ್ಯಾಂಡಿಗೆ ಹತ್ತು ಮೀಟರ್ ಎತ್ತರವಿದ್ದರೆ ಅಲೆ ಹೆಚ್ಚಾಗಿ 30 ಡಿಗ್ರಿ ಓರೆಯಲ್ಲಿ ಹೊರಡುತ್ತದೆ. ತೀರ ಕೆಳಗಿದ್ದರೆ ಬಹುಪಾಲು ನೆಟ್ಟಗೆ ಆಕಾಶಕ್ಕೆ. ಇಲ್ಲೊಂದು ಮೋಸವಿದೆ. ಮೂರನೆಯ ಮಹಡಿಯ ತಾರಸಿಯಲ್ಲಿ ಒಂದಾಳೆತ್ತರಕ್ಕೆ ತಂತಿ ಕಟ್ಟಿ ಹನ್ನೆರಡು ಮೀಟರ್ ಎತ್ತರವಾಯಿತು ಎಂದು ಲೆಕ್ಕ ಹಾಕುವಂತಿಲ್ಲ. ಆರ್‌ಸಿಸಿ ಮೋಲ್ಡಿನೊಳಗಿನ ಕಬ್ಬಿಣದ ಜಾಲವನ್ನೇ ತಂತಿ ನೆಲವೆಂದು ಭಾವಿಸುತ್ತದೆ. ಆದ್ದರಿಂದ ನಡುವಿಗೆ 20 ಅಡಿಯ ಜಿಐ ಪೈಪ್ ನಿಲ್ಲಿಸಿ, ಎರಡು ಕೈಗಳನ್ನು ಇಳಿಜಾರಾಗಿ ತಾರಸಿಯ ಅಂಚಿನಿಂದ ಆಚೆಗೆ, ಮರಕ್ಕೋ ಕಂಬಕ್ಕೋ ಎಳೆಯಿರಿ. ಆ ಕಂಬ ವಿದ್ಯುತ್ ಕಂಬವಾಗಿರಬಾರದು. ಕರೆಂಟಿನ ಲೈನಿನ ಮೇಲೆ, ಕೆಳಗೆ, ಜಾರಿದರೆ ತಾಗುವಷ್ಟು ಹತ್ತಿರ, ಎಲ್ಲಿಯೂ ತಂತಿ ಹಾಯಬಾರದು. ಕೈಗಳ ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗದಿರಲಿ. ತುದಿಗಳಲ್ಲಿ ಪ್ರಸಾರದ ವೇಳೆ ನೂರಾರು ವೋಲ್ಟ್ ಇರುತ್ತದೆ, ಬಟ್ಟೆ ಒಣಗಹಾಕಲು ಬಂದವರ ಕೈಗೆ ಎಟುಕದಂತಿರಲಿ. ತಂತಿ ಈಶಾನ್ಯದಿಂದ ನೈಋತ್ಯಕ್ಕೆ ಹಾಯ್ದರೆ ಅದರ ಮುಖ ವಾಯವ್ಯದ ಯುರೋಪಿಗೂ ಆಗ್ನೇಯದ ಆಸ್ಟ್ರೇಲಿಯಕ್ಕೂ ಇರುತ್ತದೆ. ವಾಸ್ತು ನೋಡಿ ಮನೆ ಕಟ್ಟಿಸಿದವರಿಗೆ ಈ ಮೂಲೆಗಳನ್ನು ತೋರಿಸಿಕೊಡಬೇಕಾಗಿಲ್ಲ. ಜಾಗ ಹಾಗೆ ಒದಗದಿದ್ದರೆ ಚಿಂತೆ ಬೇಡ, ಇಷ್ಟು ಎತ್ತರದ ಡೈಪೋಲಿಗೆ ದಿಕ್ಕಿನ ಹಟ ಅಷ್ಟಾಗಿ ಇರುವುದಿಲ್ಲ.

ಇನ್ನು ಅಳತೆ ಕೂಡಿಸುವುದು. ಕ್ಲಬ್ಬಿನಲ್ಲಿ ಒಂದು ನ್ಯಾನೊವಿಎನ್‌ಎ ಇದ್ದೇ ಇರುತ್ತದೆ, ಅಂಗೈಯಷ್ಟಗಲದ ಅಗ್ಗದ ಸಾಧನ. ಕೇಬಲ್ಲಿನ ತುದಿಗೆ ಸಿಕ್ಕಿಸಿದರೆ, ಆಂಟೆನಾ ಎಷ್ಟು ಶಕ್ತಿಯನ್ನು ಹಿಂದಕ್ಕೆ ಕಳಿಸುತ್ತಿದೆ ಎಂದು ಹೇಳುವ ಅಳತೆ ಎಸ್‌ಡಬ್ಲ್ಯುಆರ್ ಯಾವ ಆವರ್ತನದಲ್ಲಿ ತಳ ಮುಟ್ಟುತ್ತದೆ ಎಂದು ಪರದೆಯ ಮೇಲೆ ತಗ್ಗಾಗಿ ತೋರಿಸುತ್ತದೆ. ತಗ್ಗು 13.1ರಲ್ಲಿ ಬಂತೆನ್ನಿ. ಕೆಳಗಿದೆ, ಅಂದರೆ ತಂತಿ ಉದ್ದವಾಗಿದೆ. 10.7ನ್ನು 13.1ರಿಂದ ಗುಣಿಸಿ 14.15ರಿಂದ ಭಾಗಿಸಿದರೆ 9.9 ಮೀಟರ್. ಒಟ್ಟು 80 ಸೆಂಟಿಮೀಟರ್ ಕಡಿಮೆಯಾಗಬೇಕು, ಒಂದೊಂದು ಕಡೆ 40. ಒಂದೇ ಏಟಿಗೆ ಕತ್ತರಿಸಬೇಡಿ. ಎರಡೂ ಕಡೆ 30 ಸೆಂಟಿಮೀಟರ್ ತೆಗೆದು, ಮತ್ತೆ ಮೇಲೇರಿಸಿ, ಮತ್ತೆ ಅಳೆಯಿರಿ. ಕೈಯಲ್ಲಿ ಹಿಡಿದು ನಿಂತಾಗಿನ ಅಳತೆಯೂ ಮೇಲೇರಿಸಿದ ಮೇಲಿನ ಅಳತೆಯೂ ಒಂದೇ ಆಗಿರುವುದಿಲ್ಲ. ಕೊನೆಯ ಅಂಗುಲಗಳನ್ನು ಮಡಚಿ ತಂತಿಗೇ ಹೊಸೆದುಬಿಡುವುದು ವಾಸಿ. 1.5 ಬಂದರೆ ಇಳಿದು ಬನ್ನಿ. ಎಸ್‌ಡಬ್ಲ್ಯುಆರ್ 2 ಇದ್ದರೂ ಹಿಂದಿರುಗುವ ಶಕ್ತಿ ನೂರಕ್ಕೆ 11 ಮಾತ್ರ. 1.1 ಬರಿಸಬೇಕೆಂದು ಭಾನುವಾರವಿಡೀ ಏಣಿ ಹತ್ತಿ ಇಳಿಯುವುದು ಅರ್ಥವಿಲ್ಲದ ಸಾಹಸ.

ಹೆದರಬೇಕಾದದ್ದು ತೀರ ಚೆಂದದ ಎಸ್‌ಡಬ್ಲ್ಯುಆರ್‌ಗೆ. ಒಂದು ಮಳೆಗಾಲ ಕಳೆದ ಮೇಲೆ ಎಲ್ಲ ಆವರ್ತನದಲ್ಲೂ 1.3 ತೋರಿಸುತ್ತಿದ್ದರೆ ಆಂಟೆನಾ ಸುಧಾರಿಸಿತೆಂದಲ್ಲ, ಕೇಬಲ್ಲಿಗೆ ನೀರು ಹೊಕ್ಕಿತೆಂದು ತಿಳಿಯಿರಿ. ಒದ್ದೆ ಕೇಬಲ್ ಹೋಗುವ ಶಕ್ತಿಯನ್ನೂ ಹಿಂದಿರುಗುವ ಶಕ್ತಿಯನ್ನೂ ನುಂಗುವುದರಿಂದ ಮೀಟರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಚೂರಿಯಿಂದ ಹೊದಿಕೆ ಸೀಳಿ ನೋಡಿ. ಹೊಳೆಯಬೇಕಾದ ತಾಮ್ರದ ಜಾಲರಿ ಕರ್ರಗೆ, ಇಲ್ಲವೇ ಹಸಿರಾಗಿ ಕಂಡರೆ ಅದರ ಆಯಸ್ಸು ಮುಗಿಯಿತು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇದು ಬೇಗ ಆಗುತ್ತದೆ. ಕನೆಕ್ಟರಿಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಬಿಸಿಲು ತಡೆಯಲು ಸಾಮಾನ್ಯ ಇನ್ಸುಲೇಷನ್ ಟೇಪ್. ಸುತ್ತು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಹೆಂಚಿನ ಮಾಡಿನಂತೆ. ಕೇಬಲ್ ಕಿಟಕಿಗೆ ಬರುವ ಮುನ್ನ ಒಂದು ತೊಟ್ಟಿಲಿನಷ್ಟು ಕೆಳಗಿಳಿದು ಮೇಲೇರಲಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಕೇಬಲ್ಲಿನ ಆಯ್ಕೆಯೂ ಸಣ್ಣ ವಿಷಯವಲ್ಲ. ತೆಳುವಾದ ಆರ್‌ಜಿ-58 ಕೇಬಲ್ 30 ಮೀಟರ್ ಉದ್ದವಿದ್ದರೆ 14 ಮೆಗಾಹರ್ಟ್ಸ್‌ನಲ್ಲಿ ಮೂರರಲ್ಲೊಂದು ಪಾಲು ಶಕ್ತಿ ಶಾಖವಾಗಿ ಹೋಗುತ್ತದೆ. ದಪ್ಪನೆಯ ಆರ್‌ಜಿ-213ರಲ್ಲಿ ಆರರಲ್ಲೊಂದು ಪಾಲು. ಆಂಟೆನಾದಿಂದ ಇಳಿದ ಕೂಡಲೇ ಕೇಬಲ್ಲನ್ನು ನಾಲ್ಕಂಗುಲದ ಪಿವಿಸಿ ಪೈಪಿನ ಮೇಲೆ ಹದಿನೆಂಟು ಸುತ್ತು, ಪಕ್ಕಪಕ್ಕಕ್ಕೆ ಒತ್ತಾಗಿ ಸುತ್ತಿಬಿಡಿ. ಸುಮಾರು ಆರು ಮೀಟರ್ ಕೇಬಲ್ ಬೇಕಾಗುತ್ತದೆ. ಕೇಬಲ್ಲಿನ ಹೊರಮೈ ಮೇಲೆ ವಿದ್ಯುತ್ ಹರಿದು ಬರುವುದನ್ನು ಇದು ತಡೆಯುತ್ತದೆ. ಇದಿಲ್ಲದಿದ್ದರೆ ಮೈಕು ತುಟಿಗೆ ಚುರ್ರೆನ್ನುವುದು, ಪಕ್ಕದ ಮನೆಯ ಸ್ಪೀಕರಿನಲ್ಲಿ ನಿಮ್ಮ ದನಿ ಕೇಳುವುದು, ಕಂಪ್ಯೂಟರಿನ ಮೌಸ್ ಸತ್ತುಹೋಗುವುದು ಎಲ್ಲವೂ ಶುರು. ಸಿಡಿಲಿನ ದಿನ ಕೇಬಲ್ಲನ್ನು ರೇಡಿಯೊದಿಂದ ಬಿಚ್ಚಿದರೆ ಸಾಲದು, ತುದಿಯನ್ನು ಕಿಟಕಿಯಿಂದ ಹೊರಗೆ ಹಾಕಿ.

ತಂತಿ ಕಟ್ಟಾಯಿತು, ರೇಡಿಯೊ ಹಚ್ಚಿದರೆ ಎಸ್ ಮೀಟರು ಏಳರಿಂದ ಇಳಿಯುತ್ತಲೇ ಇಲ್ಲ. ಪೇಟೆಯ ಹ್ಯಾಮ್‌ಗಳ ನಿಜವಾದ ಶತ್ರು ಈ ಗದ್ದಲ. ದೂರದೇಶದವರ ದನಿ ಬಂದಿರುತ್ತದೆ, ಅದು ಇದರಡಿ ಹೂತಿರುತ್ತದೆ. ಪತ್ತೆ ಹಚ್ಚುವ ಬಗೆ ಹೀಗೆ: ರೇಡಿಯೊವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆರಿಸಿ, ಯುಪಿಎಸ್ಸನ್ನೂ ಆರಿಸಿ. ಗದ್ದಲ ಬಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಎಂಸಿಬಿ ಎತ್ತುತ್ತಾ ಮೀಟರಿನ ಮೇಲೆ ಕಣ್ಣಿಡಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ರೂಟರಿನ ಅಡಾಪ್ಟರ್, ಸೋಲಾರ್ ಇನ್ವರ್ಟರ್. ಬದಲಾಯಿಸಬಹುದಾದ್ದನ್ನು ಬದಲಾಯಿಸಿ. ಆಗದಿದ್ದರೆ ಅದರ ವೈರನ್ನು ಫೆರೈಟ್ ಉಂಗುರದೊಳಗೆ ಏಳೆಂಟು ಸುತ್ತು ಹಾಯಿಸಿ. ಬರೀ ಒಮ್ಮೆ ತೂರಿಸಿದರೆ ಏನೂ ಆಗದು. ಗದ್ದಲ ಎಸ್7ರಿಂದ ಎಸ್4ಕ್ಕಿಳಿದರೆ, ನಿಮ್ಮ ಕಿವಿಯ ಮಟ್ಟಿಗೆ ಜಗತ್ತಿನ ಎಲ್ಲ ಹ್ಯಾಮ್‌ಗಳೂ ತಮ್ಮ ಶಕ್ತಿಯನ್ನು ಅರವತ್ತು ಪಟ್ಟು ಏರಿಸಿಕೊಂಡ ಹಾಗೆ. ಇಡೀ ಬಡಾವಣೆಯ ಕರೆಂಟು ಹೋದಾಗ ಖುಷಿಪಡುವ ಪ್ರಾಣಿ ಎಂದರೆ ಹ್ಯಾಮ್ ಒಬ್ಬನೇ.

ಮೊದಲ ಮಾತಿಗೆ ಒಳ್ಳೆಯ ಮುಹೂರ್ತ ದೊಡ್ಡ ಸ್ಪರ್ಧೆಯ ದಿನಗಳು. ಅಕ್ಟೋಬರಿನ ಕೊನೆಯ ಪೂರ್ಣ ವಾರಾಂತ್ಯದಲ್ಲಿ ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆ ಧ್ವನಿಯಲ್ಲಿ ನಡೆಯುತ್ತದೆ. ಯುರೋಪಿನ ದೊಡ್ಡ ದೊಡ್ಡ ಆಂಟೆನಾಗಳೆಲ್ಲ ಅಂದು ಹೊಸ ಕಾಲ್ ಸೈನಿಗೆ ಹಸಿದು ಕೂತಿರುತ್ತವೆ, ಭಾರತದ ವಿಯು ಎಂದರೆ ಅವರಿಗೆ ಹಬ್ಬ. ನಿಮ್ಮ ಆಂಟೆನಾದ ಕೊರತೆಯನ್ನು ಅವರದ್ದು ತುಂಬಿಕೊಡುತ್ತದೆ. ಮಾತು ಹತ್ತು ಸೆಕೆಂಡಿನದ್ದು. ಅವರು ಸಿಕ್ಯೂ (ಯಾರಾದರೂ ಓಗೊಡಿ ಎಂಬ ಕರೆ) ಕೂಗಿ ಬಿಟ್ಟ ಕೂಡಲೇ ನಿಮ್ಮ ಕಾಲ್ ಸೈನನ್ನು ಒಂದೇ ಸಲ ಹೇಳಿ: ವಿಕ್ಟರ್ ಯೂನಿಫಾರ್ಮ್ ತ್ರೀ, ಮುಂದಿನ ಮೂರು ಅಕ್ಷರ. ಅವರು ನಿಮ್ಮ ಹೆಸರನ್ನು ಮರಳಿ ಹೇಳಿ, ಐವತ್ತೊಂಬತ್ತು (ಚೆನ್ನಾಗಿ ಕೇಳುತ್ತಿದೆ ಎಂದರ್ಥ) ಎಂದು ತಮ್ಮ ವಲಯದ ಸಂಖ್ಯೆ ಕೊಡುತ್ತಾರೆ. ನೀವು ‘ಥ್ಯಾಂಕ್ಯೂ, ಫೈವ್ ನೈನ್ ಟೂ ಟೂ’ ಎಂದರೆ ಆಯಿತು, ಭಾರತ 22ನೇ ವಲಯ. ಹವಾಮಾನ, ಊಟ, ಯೋಗಕ್ಷೇಮ ಯಾವುದೂ ಬೇಡ. ಕರೆದರೂ ಓಗೊಡದಿದ್ದರೆ ಮೊದಲು ನೋಡಬೇಕಾದದ್ದು ಸೈಡ್‌ಬ್ಯಾಂಡ್: 10 ಮೆಗಾಹರ್ಟ್ಸ್‌ಗಿಂತ ಮೇಲೆ ಅಪ್ಪರ್, ಕೆಳಗೆ ಲೋಯರ್. ಆಮೇಲೆ, ಹಿಂದಿನವರು ಒತ್ತಿಟ್ಟ ಸ್ಪ್ಲಿಟ್ ಗುಂಡಿ.

ಆ ಗುಂಡಿಯಿಂದಲೇ ಹೊಸಬರ ಮಾನ ಹೋಗುವುದು ಹೆಚ್ಚು. ಅಪರೂಪದ ದ್ವೀಪದಿಂದ ಯಾರೋ ಮಾತಾಡುತ್ತಿದ್ದಾರೆ, ಅವರಿಗಾಗಿ ಸಾವಿರ ಜನ ಒಟ್ಟಿಗೆ ಕೂಗುತ್ತಿದ್ದಾರೆ ಎನ್ನಿ. ಎಲ್ಲರೂ ಒಂದೇ ಆವರ್ತನದಲ್ಲಿ ಕೂಗಿದರೆ ಅವರ ದನಿಯೇ ಯಾರಿಗೂ ಕೇಳದು. ಅದಕ್ಕೆ ಅವರು ‘ಅಪ್ ಫೈವ್ ಟು ಟೆನ್’ ಎನ್ನುತ್ತಾರೆ, ಅಂದರೆ 5ರಿಂದ 10 ಕಿಲೋಹರ್ಟ್ಸ್ ಮೇಲೆ ಕೇಳುತ್ತಿದ್ದೇನೆ ಎಂದು. ನೀವು ಕೇಳುವುದು ಕೆಳಗೆ, ಕರೆಯುವುದು ಮೇಲೆ. ಸ್ಪ್ಲಿಟ್ ಹಾಕದೆ ಕರೆದರೆ ಹತ್ತು ಭಾಷೆಯಲ್ಲಿ ಬೈಗುಳ ಬೀಳುತ್ತದೆ. ಸುಮ್ಮನೆ ಕರೆಯುವ ಬದಲು ಅವರು ಈಗಷ್ಟೇ ಉತ್ತರಿಸಿದ ವ್ಯಕ್ತಿ ಯಾವ ಆವರ್ತನದಲ್ಲಿದ್ದ ಎಂದು ಹುಡುಕಿ. ಬಹುತೇಕರು ಒಂದೇ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಹೋಗುತ್ತಾರೆ. ಆತ ಇದ್ದ ಜಾಗಕ್ಕಿಂತ ಒಂದು ಕಿಲೋಹರ್ಟ್ಸ್ ಮುಂದೆ ಕಾದು ಕೂತವರಿಗೆ 50 ವ್ಯಾಟ್ ಧಾರಾಳ.

ಮಾತೇ ಬೇಡ, ಕಂಪ್ಯೂಟರ್ ಮಾತಾಡಲಿ ಎನ್ನುವವರಿಗೆ ಎಫ್‌ಟಿ8 ಇದೆ. ಪಲ್ಸಾರ್ ಸಂಶೋಧನೆಗೆ 1993ರಲ್ಲಿ ನೊಬೆಲ್ ಪಡೆದ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಹೊರತಂದ ವಿಧಾನ. 15 ಸೆಕೆಂಡಿನ ಸರದಿಗಳು, 50 ಹರ್ಟ್ಸ್ ಅಗಲ. ಕಿವಿಗೆ ಏನೇನೂ ಕೇಳದ ಸಂಕೇತವನ್ನೂ ಓದಬಲ್ಲದು. ಒಂದು ಸಂಪರ್ಕಕ್ಕೆ ಒಂದೂವರೆ ನಿಮಿಷ. ಕಂಪ್ಯೂಟರಿನ ಗಡಿಯಾರ ಒಂದೆರಡು ಸೆಕೆಂಡು ತಪ್ಪಿದರೂ ಪರದೆ ಖಾಲಿ, ಹೊಸಬರ ದೂರುಗಳಲ್ಲಿ ಅರ್ಧಕ್ಕರ್ಧ ಇದೇ. ಎರಡನೆಯದು, ಧ್ವನಿಯ ಮಟ್ಟ ಅತಿಯಾಗಿ ಏರಿಸುವುದು. ಮಟ್ಟ ಮಿತಿ ಮೀರಿದ್ದನ್ನು ತೋರಿಸುವ ಎಎಲ್‌ಸಿ ಮೀಟರು ಅಲುಗಾಡದಷ್ಟು ಇಳಿಸಿ, ಇಲ್ಲವಾದರೆ ನಿಮ್ಮ ಒಂದು ಸಂಕೇತ ನಾಲ್ಕಾಗಿ ಎಲ್ಲರ ಪರದೆಯನ್ನೂ ಕೊಳಕು ಮಾಡುತ್ತದೆ. 100 ವ್ಯಾಟಿನ ರೇಡಿಯೊವನ್ನು 30-40ಕ್ಕೆ ಇಳಿಸಿ. ಪೂರ್ತಿ ಶಕ್ತಿಯಲ್ಲಿ ಹದಿಮೂರು ಸೆಕೆಂಡು ಬಿಡದೆ ಪ್ರಸಾರ ಮಾಡಿದರೆ ಅದು ಬಾಣಲೆಯಂತೆ ಕಾಯುತ್ತದೆ. ಊರಿನ ಬದಲು ಇಲ್ಲಿ ಗ್ರಿಡ್ ಸಂಖ್ಯೆ, ಅಂದರೆ ಭೂಪಟದ ಚೌಕದ ಗುರುತು, ಕಳಿಸಬೇಕು: ಮೈಸೂರು ಎಂಕೆ82, ಮಂಗಳೂರು ಎಂಕೆ72, ಹುಬ್ಬಳ್ಳಿ ಎಂಕೆ75. ಬೆಂಗಳೂರಿಗೆ ಒಂದು ತಮಾಷೆಯಿದೆ. 13 ಡಿಗ್ರಿ ಅಕ್ಷಾಂಶ ರೇಖೆ ನಗರವನ್ನು ಸೀಳುವುದರಿಂದ ಜಯನಗರದವರು ಎಂಕೆ82, ಯಲಹಂಕದವರು ಎಂಕೆ83.

ಲಾಗ್ ಪುಸ್ತಕ ಅಸಡ್ಡೆ ಮಾಡುವ ಜಾಗವಲ್ಲ. ಸಮಯ ಯಾವಾಗಲೂ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಿರಿ. ಭಾನುವಾರ ಬೆಳಗಿನ ಜಾವ ಮೂರಕ್ಕೆ ಮಾಡಿದ ಸಂಪರ್ಕ ಶನಿವಾರದ 21:30ಕ್ಕೆ ದಾಖಲಾಗಬೇಕು. ಅಮೆರಿಕದ ಹ್ಯಾಮ್ ಸಂಘ ನಡೆಸುವ ಲಾಗ್‌ಬುಕ್ ಆಫ್ ದಿ ವರ್ಲ್ಡ್‌ನಲ್ಲಿ ಇಬ್ಬರ ದಾಖಲೆಗಳೂ ಅರ್ಧ ಗಂಟೆಯೊಳಗೆ ತಾಳೆಯಾದರೆ ಮಾತ್ರ ಸಂಪರ್ಕ ಖಚಿತ. ಅಲ್ಲಿ ನೋಂದಾಯಿಸಲು ಪರವಾನಗಿಯ ಪ್ರತಿ ಕಳಿಸಬೇಕು. ಹೀಗೆ ನೂರು ನಾಡುಗಳು ಖಚಿತವಾದರೆ ಡಿಎಕ್ಸ್‌ಸಿಸಿ ಪ್ರಶಸ್ತಿ. ಆ ಪಟ್ಟಿಯಲ್ಲಿ 340 ನಾಡುಗಳಿವೆ, ಭಾರತವೊಂದೇ ಮೂರಾಗಿ ಎಣಿಕೆಯಾಗುತ್ತದೆ: ಮುಖ್ಯಭೂಮಿ, ಲಕ್ಷದ್ವೀಪದ ವಿಯು7, ಅಂಡಮಾನ್ ನಿಕೋಬಾರಿನ ವಿಯು4. 2004ರ ಡಿಸೆಂಬರಿನಲ್ಲಿ ವಿಯು4 ಸಂಪರ್ಕ ಕೊಡಲೆಂದು ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರಿನಲ್ಲಿತ್ತು. 26ರ ಬೆಳಗ್ಗೆ ಸುನಾಮಿ ಬಡಿದಾಗ, ಪ್ರಶಸ್ತಿಗಾಗಿ ಹೂಡಿದ್ದ ಅದೇ ರೇಡಿಯೊಗಳು ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದವು.

ದಾರಿದೀಪಗಳ ನೋಟ್‌ಬುಕ್ಕಿನಲ್ಲಿ ಎಲ್ಲರದ್ದೂ ಕೊನೆಗೆ ಖಾಲಿ ಉಳಿಯುವ ಸಾಲು ಪೆರುವಿನ ಲೀಮಾದ ಓಎ4ಬಿ. ಬೆಂಗಳೂರಿನಿಂದ ಭೂಮಿಗೆ ನೆಟ್ಟಗೆ ಸುರಂಗ ಕೊರೆದರೆ ಹೊರಬರುವುದು ಪೆರುವಿನ ಪಶ್ಚಿಮಕ್ಕೆ ಪೆಸಿಫಿಕ್ ಸಾಗರದಲ್ಲಿ. ಹದಿನೆಂಟರಲ್ಲಿ ಆ ಬಿಂದುವಿಗೆ ಹತ್ತಿರವಿರುವುದು ಇದು. ಒಂದು ದಾರಿಯಲ್ಲಿ 17,200 ಕಿಲೋಮೀಟರ್, ಸುತ್ತಿ ಬಳಸಿ ಬಂದರೆ 22,800. ಯಾವ ಕಡೆಯಿಂದ ಬೇಕಾದರೂ ಬರಬಹುದು. 14.100ರಲ್ಲಿ ಅದರ ಸರದಿ ಪ್ರತಿ ಸುತ್ತಿನ 2 ನಿಮಿಷ 40ನೇ ಸೆಕೆಂಡಿಗೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಶುರುಮಾಡಿ.